ತುದಿಯಿಲ್ಲದ ಟೇಪು

ಜೂನ್ ೪

ಹೊಲಿಗೆಯಮ್ಮನಿಗೆ ನಮಸ್ಕಾರ.

ನಾನು ಯಾರೆಂದು ಹೇಳಿ ನೋಡೋಣ ಎಂದು ನಿಮ್ಮನ್ನು ಸ್ವಲ್ಪ ಗೋಳು ಹೊಯ್ದುಕೊಳ್ಳುವ ಆಸೆಯಿತ್ತು. ಆದರೆ ನಿಮಗೆ ಎಪ್ಪತ್ತೊಂಬತ್ತು ನಡೆಯುತ್ತಿದೆ ಎಂದು ಪಿಂಚಣಿ ಕಚೇರಿಯವರು ಹೇಳಿದರು. ಈ ವಯಸ್ಸಿನಲ್ಲಿ ನಿಮಗೆ ಒಗಟು ಬಿಡಿಸುವ ಶಿಕ್ಷೆ ಬೇಡ. ನಾನು ಗುಬ್ಬಿ. ನಿಮ್ಮ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕಾಲು ನೇತುಬಿಟ್ಟು ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದ ಕುಳ್ಳಿ.

ನಮ್ಮ ಬಾಲಮಂದಿರ ಈಗ ಬಾಲಮಂದಿರವಲ್ಲ. ಹನ್ನೆರಡು ವರ್ಷದ ಹಿಂದೆ ಅದನ್ನು ಓದುವ, ದುಡಿಯುವ ಹುಡುಗಿಯರ ಹಾಸ್ಟೆಲ್ ಮಾಡಿದರು. ನಾಲ್ಕು ವರ್ಷದಿಂದ ಅದರ ವಾರ್ಡನ್ ನಾನೇ. ಯಾವ ಬಾಗಿಲಿನ ಹಿಂದೆ ಬಚ್ಚಿಟ್ಟುಕೊಂಡು ಅಳುತ್ತಿದ್ದೆನೋ ಅದೇ ಬಾಗಿಲಿನ ಬೀಗದ ಕೈ ಈಗ ನನ್ನ ಸೊಂಟದಲ್ಲಿದೆ.

ಬರೆಯಲು ಕಾರಣವಿದೆ. ಕಟ್ಟಡಕ್ಕೆ ನೂರು ವರ್ಷ ತುಂಬಿತಂತೆ. ಇದರ ಇತಿಹಾಸವನ್ನು ಎರಡು ಪುಟಕ್ಕೆ ಮೀರದಂತೆ ಬರೆದು ಜನವರಿಯೊಳಗೆ ಕಳಿಸಬೇಕೆಂದು ಇಲಾಖೆಯಿಂದ ಸುತ್ತೋಲೆ ಬಂದಿದೆ. ಅದಾದ ಮೇಲೆ ಹಳೆಯ ಕಡತಗಳೆಲ್ಲ ರದ್ದಿಗೆ. ನಾನು ಕಡತಗಳನ್ನು ತೆಗೆದು ಕೂತೆ. ಯಾವ ಅಧಿಕಾರಿ ಯಾವಾಗ ಬಂದರು, ಯಾವ ಗೋಡೆಗೆ ಯಾವಾಗ ಸುಣ್ಣ ಹೊಡೆಸಿದರು ಎಲ್ಲ ಇದೆ. ಮಕ್ಕಳೇ ಇಲ್ಲ. ಅಷ್ಟು ವರ್ಷ ಈ ಗೋಡೆಗಳ ನಡುವೆ ಮಕ್ಕಳಿದ್ದದ್ದು ಬರೀ ಕನಸೇನೋ ಎಂಬಂತಿದೆ ಅದನ್ನು ಓದಿದರೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಿಮಗೆ ನೆನಪಿರುವುದನ್ನು ಹೇಗೆ ತೋಚುತ್ತದೋ ಹಾಗೆ ಬರೆಯಿರಿ.

ಹೊಲಿಗೆ ಕೋಣೆಯಲ್ಲಿ ಈಗ ಹುಡುಗಿಯರು ಓದಿಕೊಳ್ಳುತ್ತಾರೆ. ನೀವು ಕತ್ತರಿ ತೂಗುಹಾಕುತ್ತಿದ್ದ ಮೊಳೆ ಹಾಗೇ ಇದೆ. ಮಧ್ಯಾಹ್ನ ಅವರೆಲ್ಲ ಹೊರಗೆ ಹೋದಾಗ ನಾನು ಅಲ್ಲಿ ಹೋಗಿ ಕೂರುತ್ತೇನೆ. ಎತ್ತರದ ಕಿಟಕಿಯಿಂದ ಬಿಸಿಲು ಇಳಿದು ನೆಲದ ಮೇಲೆ ನಿಧಾನಕ್ಕೆ ಸರಿಯುತ್ತದೆ, ನನಗೆ ತೂಕಡಿಕೆ ಬರುತ್ತದೆ, ಆಗ ನಿಮ್ಮ ಮಷೀನಿನ ಸದ್ದು ಕೇಳಿಸುತ್ತದೆ. ಎಚ್ಚರವಾದರೆ ಸದ್ದಿಲ್ಲ.

ಇನ್ನೊಂದು ಮಾತು. ಇದು ಇತಿಹಾಸಕ್ಕಲ್ಲ, ನನಗೆ. ನನ್ನ ತಂಗಿ ಕೊಕ್ಕರೆಯನ್ನು ದೊಡ್ಡ ಮನೆಗೆ ಕಳಿಸಿದ ದಿನ ನಿಮಗೆ ನೆನಪಿದೆಯೇ? ಅದು ದೊಡ್ಡ ಹುಡುಗಿಯರ ಬಾಲಮಂದಿರ, ಹತ್ತು ತುಂಬಿದವರನ್ನಲ್ಲವೇ ಅಲ್ಲಿಗೆ ಕಳಿಸುತ್ತಿದ್ದದ್ದು? ನನಗೇ ಆಗ ಒಂಬತ್ತು. ಅವಳು ನನಗಿಂತ ಚಿಕ್ಕವಳು. ದೊಡ್ಡವಳು ಉಳಿದು ಚಿಕ್ಕವಳು ಹೇಗೆ ಹೋದಳು? ಅವಳನ್ನು ನಾನು ಇನ್ನೂ ಹುಡುಕುತ್ತಿದ್ದೇನೆ, ಅಮ್ಮಾ.

ನಿಮ್ಮ ಸೂಜಿಗೆ ಕಣ್ಣಾಗಿದ್ದ
ಗುಬ್ಬಿ


ಜೂನ್ ೧೯

ಗುಬ್ಬಿ,

ನಿನ್ನ ಕಾಗದವನ್ನು ತಮ್ಮನ ಮಗಳು ಓದಿ ಹೇಳಿದಳು. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಾಳೆ. ಕಾಗದವನ್ನೂ ಊರುಗಳ ಹೆಸರು ಕೂಗಿದ ಹಾಗೆ ಓದುತ್ತಾಳೆ. ಉತ್ತರ ಮಾತ್ರ ನಾನೇ ಬರೆಯುತ್ತಿದ್ದೇನೆ, ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಂಡು. ಎರಡು ಕಣ್ಣಿಗೂ ಪೊರೆ ಬಂದಿದೆ. ಜಗತ್ತನ್ನು ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತದೆ. ಒಂದು ರೀತಿಯಲ್ಲಿ ಸುಖವೇ. ಯಾರ ಮುಖದ ಮೇಲೂ ಸಿಟ್ಟು ಕಾಣಿಸುವುದಿಲ್ಲ. ಸೂಜಿಗೆ ದಾರ ಹಾಕಲು ಮಾತ್ರ ಆಗುವುದಿಲ್ಲ. ಕುಪ್ಪಸದ ಗುಂಡಿ ಕಿತ್ತು ತಿಂಗಳಾಯಿತು, ಪಿನ್ನು ಚುಚ್ಚಿಕೊಂಡು ತಿರುಗುತ್ತಿದ್ದೇನೆ. ಹೊಲಿಗೆಯವಳ ಗತಿ ನೋಡು.

ಇತಿಹಾಸ ಕೇಳಿದೆ. ಬರೆದುಕೋ. ಮೊದಲು ಅದು ಟಪಾಲು ಕುದುರೆಗಳ ಲಾಯ. ಅದಕ್ಕೇ ಕಿಟಕಿಗಳು ಅಷ್ಟು ಎತ್ತರ. ಕುದುರೆಗೆ ಗಾಳಿ ಬಂದರೆ ಸಾಕೆಂದು ಕಟ್ಟಿದ್ದರು. ಮಕ್ಕಳಿಗೂ ಅಷ್ಟೇ ಸಾಕೆಂದು ಬಿಟ್ಟರು. ಜ್ವರ ಬಂದು ಊರೂರೇ ಮಲಗಿದ ವರ್ಷ ನಲವತ್ತು ಮಕ್ಕಳನ್ನು ನಾಲ್ಕು ದಿನದ ಮಟ್ಟಿಗೆಂದು ತಂದು ಇಟ್ಟರಂತೆ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಮೊದಲು ಅನಾಥಾಲಯ ಎಂದು ಬೋರ್ಡಿತ್ತು. ಆಮೇಲೆ ಯಾರೋ ದೊಡ್ಡವರು ಬಂದು ಆ ಮಾತು ಚೆನ್ನಾಗಿಲ್ಲ ಎಂದರು, ಬಾಲಮಂದಿರವಾಯಿತು. ಬೋರ್ಡು ಬದಲಾಯಿತು, ಒಳಗಿನ ಬಕೆಟ್ಟು, ಚೊಂಬು, ಚಾಪೆ ಅವೇ.

ನಾನು ಬಂದಾಗ ಮಕ್ಕಳು ಎಪ್ಪತ್ತೆರಡು, ಮಷೀನು ಒಂದು. ವರ್ಷಕ್ಕೊಮ್ಮೆ ನೀಲಿ ಬಟ್ಟೆಯ ಥಾನು ಬರುತ್ತಿತ್ತು. ಎಲ್ಲರಿಗೂ ಒಂದೇ ಫ್ರಾಕು, ಕೆಳಗೆ ನಾಲ್ಕು ಬೆರಳು ಮಡಿಕೆ. ಮಕ್ಕಳು ಬೆಳೆಯುತ್ತಾರೆಂಬುದು ಸರ್ಕಾರಕ್ಕೆ ನೆನಪಿರುವುದಿಲ್ಲ, ನನಗಿರಬೇಕಲ್ಲ. ವರ್ಷ ಕಳೆದ ಹಾಗೆ ಒಂದೊಂದು ಬೆರಳು ಮಡಿಕೆ ಬಿಚ್ಚುತ್ತಿದ್ದೆ. ಬಿಚ್ಚಿದ ಕಡೆ ಬಟ್ಟೆ ಹೊಸದಾಗಿ, ಗಾಢ ನೀಲಿಯಾಗಿ ಇರುತ್ತಿತ್ತು. ಒಂದು ಹುಡುಗಿ ಬಂದು ಎಷ್ಟು ವರ್ಷವಾಯಿತೆಂದು ತಿಳಿಯಲು ನಾನು ರಿಜಿಸ್ಟರ್ ನೋಡುತ್ತಿರಲಿಲ್ಲ, ಅವಳ ಫ್ರಾಕಿನ ಅಂಚು ನೋಡುತ್ತಿದ್ದೆ.

ಈಚೆಗೆ ಎಚ್ಚರದಲ್ಲೇ ಆ ಅಂಗಳ ಕಾಣುತ್ತದೆ. ತಂತಿಯ ಮೇಲೆ ಎಪ್ಪತ್ತೆರಡು ಫ್ರಾಕು ಒಣಗುತ್ತಿರುತ್ತವೆ. ಗಾಳಿ ಬರುತ್ತದೆ, ಎಲ್ಲವೂ ಒಟ್ಟಿಗೆ ಉಬ್ಬುತ್ತವೆ, ಒಳಗೆ ಯಾರೂ ಇರುವುದಿಲ್ಲ. ನಾನು ಒಂದೊಂದರ ಹತ್ತಿರವೂ ಹೋಗಿ ನೋಡುತ್ತೇನೆ.

ನಿನ್ನ ತಂಗಿಯ ವಿಷಯ. ಆಗೆಲ್ಲ ಎಷ್ಟೋ ಮಕ್ಕಳು ಬಂದರು, ಎಷ್ಟೋ ಮಕ್ಕಳು ಹೋದರು. ಮುದುಕಿಯ ನೆನಪು, ಒಂದು ಇದ್ದರೆ ಒಂದಿಲ್ಲ.

ಚೆನ್ನಾಗಿ ಉಣ್ಣು. ನೀನು ಮೊದಲೇ ಕಡ್ಡಿ.

ಹೊಲಿಗೆಯಮ್ಮ


ಜುಲೈ ೮

ಅಮ್ಮಾ,

ಕುದುರೆ ಲಾಯದಿಂದ ಹಿಡಿದು ಚೊಂಬಿನವರೆಗೆ ಎಲ್ಲ ನೆನಪಿದೆ, ಕೊಕ್ಕರೆ ಒಬ್ಬಳು ನೆನಪಿಲ್ಲವೇ? ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ. ಎಪ್ಪತ್ತೆರಡು ಮಕ್ಕಳಲ್ಲಿ ಅಕ್ಕನಿಗಿಂತ ಎತ್ತರದ ತಂಗಿ ಅವಳೊಬ್ಬಳೇ. ಅವಳಿಗೆ ಕೊಕ್ಕರೆ ಎಂದು ಹೆಸರಿಟ್ಟವರೇ ನೀವು.

ನನಗೆ ನೆನಪಿರುವುದನ್ನು ನಾನು ಹೇಳುತ್ತೇನೆ. ಬೆಳಿಗ್ಗೆ ನೀವು ನಮ್ಮ ಅಳತೆ ತೆಗೆದಿರಿ. ಮಧ್ಯಾಹ್ನ ಗೇಟಿನ ಹತ್ತಿರ ಬೂದು ಬಣ್ಣದ ವ್ಯಾನು ನಿಂತಿತ್ತು. ಬಿಸಿಲು ಎಷ್ಟಿತ್ತೆಂದರೆ ವ್ಯಾನು ನೆಲ ಬಿಟ್ಟು ಸ್ವಲ್ಪ ಮೇಲೆ ತೇಲುತ್ತಿರುವಂತೆ ಕಾಣುತ್ತಿತ್ತು. ಎಂಟು ಹುಡುಗಿಯರು ಹತ್ತಿದರು. ಏಳು ಜನ ಅಳುತ್ತಿದ್ದರು. ಕೊಕ್ಕರೆ ಕಿಟಕಿಯ ಪಕ್ಕ ಕೂತು ನಗುತ್ತಿದ್ದಳು. ಆ ನಗು ನನಗೆ ಇವತ್ತಿಗೂ ಅರ್ಥವಾಗಿಲ್ಲ. "ಸಂಜೆ ಬರ್ತೀನಿ ಅಕ್ಕಾ" ಎಂದಳು. ನಾನು ಗೇಟಿನ ಕಲ್ಲಿನ ಮೇಲೆ ಸಂಜೆಯವರೆಗೆ ಕೂತಿದ್ದೆ. ಎಷ್ಟೋ ಸಂಜೆ ಕೂತಿದ್ದೆ. ನೀವೇ ಬಂದು ಎತ್ತಿಕೊಂಡು ಹೋಗುತ್ತಿದ್ದಿರಿ.

ಎರಡು ವರ್ಷಕ್ಕೆ ದೊಡ್ಡ ಮನೆಯ ಮಾಡು ಕುಸಿದು, ಅದನ್ನು ಮುಚ್ಚಿ, ಮಕ್ಕಳನ್ನು ಮೂರು ಕಡೆಗೆ ಹಂಚಿದರು. ಹತ್ತೊಂಬತ್ತನೇ ವಯಸ್ಸಿನಿಂದ ಆ ಮೂರು ಕಡೆಗೂ ತಿರುಗಿದ್ದೇನೆ. ಒಂದೇ ಹೆಸರಿನವರು ಹಲವರಿದ್ದರೆಂದು ದೊಡ್ಡ ಮನೆಯಲ್ಲಿ ಕೆಲವರ ಹೆಸರನ್ನೇ ಬದಲಿಸಿದ್ದರಂತೆ. ಏನೆಂದು ಬದಲಿಸಿದರೋ ಆ ಪುಸ್ತಕ ನೆನೆದು ಮುದ್ದೆಯಾಗಿತ್ತು. ನನ್ನ ತಂಗಿಗೆ ಈಗ ಏನು ಹೆಸರೆಂದು ನನಗೇ ಗೊತ್ತಿಲ್ಲ. ಇಂಥ ಮಾತನ್ನು ಯಾರ ಮುಂದೆ ಹೇಳಲಿ?

ಅವಳು ಯಾಕೆ ಹೋದಳೆಂದು ತಿಳಿದರೆ ಎಲ್ಲಿ ಹೋದಳೆಂಬುದಕ್ಕೆ ಎಳೆ ಸಿಗಬಹುದು. ಈ ಜಗತ್ತಿನಲ್ಲಿ ಅವಳನ್ನು ಕಂಡಿದ್ದವರೆಂದು ನನಗೆ ಗೊತ್ತಿರುವುದು ನೀವೊಬ್ಬರೇ.

ಕಾಯುತ್ತಿರುವ
ಗುಬ್ಬಿ


ಆಗಸ್ಟ್ ೨

ಗುಬ್ಬಿ,

ನೆನಪಿದೆ. ನೆನಪಿಲ್ಲವೆಂದದ್ದು ಸುಳ್ಳು.

ಹುಟ್ಟಿದ ದಿನದ ಕಾಗದ ನಿಮ್ಮಲ್ಲಿ ಯಾರಿಗಿತ್ತು? ಅದಕ್ಕೆ ಕಚೇರಿಯವರು ಒಂದು ಸುಲಭದ ದಾರಿ ಮಾಡಿಕೊಂಡಿದ್ದರು. ನಾಲ್ಕು ಅಡಿ ಎತ್ತರವಾದರೆ ಹತ್ತು ವರ್ಷ ತುಂಬಿತೆಂದು ಲೆಕ್ಕ. ವರ್ಷಕ್ಕೆರಡು ಸಲ ಬಟ್ಟೆಗೆಂದು ನಾನು ಅಳತೆ ತೆಗೆಯುತ್ತಿದ್ದೆನಲ್ಲ, ಅದೇ ಪುಸ್ತಕ ನೋಡಿ ದೊಡ್ಡ ಮನೆಗೆ ಕಳಿಸುವವರ ಪಟ್ಟಿ ಮಾಡುತ್ತಿದ್ದರು. ಡಾಕ್ಟರು ಹೇಳಬೇಕಾದ್ದನ್ನು ದರ್ಜಿ ಹೇಳುತ್ತಿದ್ದಳು.

ನನ್ನ ಟೇಪು ನಿನಗೆ ನೆನಪಿರಬೇಕು. ತುದಿಯ ತಗಡು ಬಿದ್ದುಹೋಗಿ, ನೂಲು ಎದ್ದು, ಕೊನೆಗೆ ನಾನೇ ಎರಡು ಇಂಚು ಕತ್ತರಿಸಿ ಎಸೆದಿದ್ದೆ. ಹೊಸ ಟೇಪು ಬೇಕೆಂದು ಇಪ್ಪತ್ತೆರಡು ವರ್ಷ ಅರ್ಜಿ ಬರೆದೆ. ನಾನು ನಿವೃತ್ತಿಯಾದ ತಿಂಗಳು ಬಂತು, ಬಣ್ಣಬಣ್ಣದ್ದು. ಅಲ್ಲಿಯವರೆಗೆ ಅದೇ ತುದಿಯಿಲ್ಲದ ಟೇಪು. ಏನೇ ಅಳೆದರೂ ಎರಡು ಇಂಚು ಹೆಚ್ಚು ತೋರಿಸುತ್ತಿತ್ತು, ನಾನು ಎರಡು ಕಳೆದು ಬರೆಯುತ್ತಿದ್ದೆ. ನೀವೆಲ್ಲ ಸಾಲಿನಲ್ಲಿ ನಿಂತು "ಕಳೆ ಎರಡು, ಕಳೆ ಎರಡು" ಎಂದು ಹಾಡುತ್ತಿದ್ದಿರಿ.

ಆ ದಿನ ಕೊಕ್ಕರೆಯದು ನಲವತ್ತೆಂಟು ಇಂಚು ತೋರಿಸಿತು. ಎರಡು ಕಳೆದರೆ ನಲವತ್ತಾರು. ನಾನು ಕಳೆಯಲು ಮರೆತೆ. ನಲವತ್ತೆಂಟು ಎಂದರೆ ಸರಿಯಾಗಿ ನಾಲ್ಕು ಅಡಿ. ಅವಳ ಹೆಸರು ಪಟ್ಟಿಗೆ ಸೇರಿತು.

ಇಷ್ಟೇ ನಡೆದದ್ದು. ನುಂಗಲಾರದ ತುತ್ತಾಗಿತ್ತು. ಈಗ ಉಗುಳಿದ್ದೇನೆ.

ಹೊಲಿಗೆಯಮ್ಮ


ಆಗಸ್ಟ್ ೧೭

ಅಮ್ಮಾ,

ನಿಮ್ಮ ಕಾಗದ ಓದಿ ಅತ್ತೆ, ಆಮೇಲೆ ನಿಮ್ಮನ್ನು ನೆನೆದು ಇನ್ನಷ್ಟು ಅತ್ತೆ. ಎಪ್ಪತ್ತೆರಡು ಮಕ್ಕಳು, ಒಂದು ಟೇಪು, ಒಬ್ಬರೇ ನೀವು. ಒಂದು ದಿನ ಎರಡು ಕಳೆಯಲು ಮರೆತಿರಿ. ಅದಕ್ಕೆ ನಲವತ್ತೊಂದು ವರ್ಷ ಒಬ್ಬರೇ ಕೊರಗಿದಿರಾ? ಟೇಪು ಕೊಡದವರು ನೆಮ್ಮದಿಯಾಗಿ ಪಿಂಚಣಿ ತಿಂದರು, ಬೇಯುವುದು ನಿಮ್ಮ ಪಾಲಿಗೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡಿ. ಅಮ್ಮ ಎಂದು ನಾನು ಯಾರನ್ನಾದರೂ ಕರೆದಿದ್ದರೆ ಅದು ನಿಮ್ಮನ್ನೇ. ಟೇಪಿನ ಮಾತನ್ನು ಇತಿಹಾಸದಲ್ಲಿ ಬರೆಯುತ್ತೇನೆ, ನಿಮ್ಮ ತಪ್ಪೆಂದಲ್ಲ, ಟೇಪಿನ ತಪ್ಪೆಂದು. ನಿಮ್ಮ ಅಳತೆ ಪುಸ್ತಕ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇರಬಹುದೆಂದು ಇಲ್ಲಿಯ ಕಾವಲಿನವನು ಹೇಳಿದ. ಸಿಕ್ಕರೆ ಅದರ ಒಂದು ಹಾಳೆಯನ್ನು ಜೊತೆಗೆ ಲಗತ್ತಿಸುತ್ತೇನೆ.

ಪ್ರೀತಿಯಿಂದ
ಗುಬ್ಬಿ


ಆಗಸ್ಟ್ ೨೩

ಪುಸ್ತಕ ಸಿಕ್ಕಿತು.

ಆ ದಿನದ ಹಾಳೆ ಮುಂದಿದೆ. ಮೊದಲ ಏಳು ಹುಡುಗಿಯರ ಸಾಲಿನಲ್ಲಿ ನೀವು ಅಳತೆ ಬರೆದು, ಪಕ್ಕದಲ್ಲಿ ಕಳೆ ಎರಡು ಎಂದು ಬರೆದು, ಉಳಿದದ್ದನ್ನು ಬರೆದಿದ್ದೀರಿ. ಎಂಟನೆಯವಳು ಕೊಕ್ಕರೆ. ನಲವತ್ತೆಂಟು ಎಂದಷ್ಟೇ ಇದೆ. ಒಂಬತ್ತನೆಯವಳು ನಾನು. ನಲವತ್ತೈದು, ಕಳೆ ಎರಡು, ನಲವತ್ತಮೂರು.

ಏಳು ಜನಕ್ಕೆ ನೆನಪಿದ್ದದ್ದು ಎಂಟನೆಯವಳಿಗೆ ಮರೆತು, ಒಂಬತ್ತನೆಯವಳಿಗೆ ಮತ್ತೆ ನೆನಪಾಯಿತೇ?

ಗುಬ್ಬಿ


ಸೆಪ್ಟೆಂಬರ್ ೨೬

ಗುಬ್ಬಿ,

ಒಂದು ತಿಂಗಳು ಸ್ಕೇಲು ಮುಟ್ಟಲಿಲ್ಲ. ಬೆಳಿಗ್ಗೆ ಕೂರುತ್ತಿದ್ದೆ, ಬಿಳಿ ಕಾಗದವೂ ಬಿಳಿ ಕಣ್ಣೂ ಒಂದಾಗಿ ಎಲ್ಲಿ ಬರೆಯಬೇಕೋ ತಿಳಿಯುತ್ತಿರಲಿಲ್ಲ. ಈವತ್ತು ಬರೆಯುತ್ತೇನೆ.

ನಾನು ಮರೆಯಲಿಲ್ಲ.

ಎಂಟು ಮಕ್ಕಳನ್ನು ಕಳಿಸಬೇಕೆಂದು ಆರ್ಡರ್ ಬಂದಿತ್ತು. ಏಳು ಮಂದಿ ಸಿಕ್ಕಿದ್ದರು. ಸೂಪರಿಂಟೆಂಡೆಂಟರು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. "ಇನ್ನೊಬ್ಬಳು ಬೇಕಲ್ಲ. ಈ ಅಕ್ಕತಂಗೀಲಿ ದೊಡ್ಡೋಳನ್ನ ಹಾಕಿಬಿಡಿ, ಅವಳಿಗೇ ವಯಸ್ಸು ಹತ್ತಿರ ಇರೋದು" ಎಂದರು. ಅವರು ಕೆಟ್ಟವರಲ್ಲ. ವ್ಯಾನು ಬಂದು ನಿಂತಿತ್ತು, ಅಷ್ಟೇ.

ನೀನು ಸ್ಟೂಲಿನ ಮೇಲೆ ಕೂತು ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದು, ನಾಲಿಗೆಯ ತುದಿ ಹೊರಗೆ ಹಾಕಿ, ದಾರ ಪೋಣಿಸುತ್ತಿದ್ದೆ. ನಿನಗೆ ಏನೂ ಕೇಳಿಸಲಿಲ್ಲ. ನಾನು ನಿನ್ನನ್ನು ನೋಡಿದೆ. ಮದುವೆಯಾಗಿ ಮೂರು ವರ್ಷಕ್ಕೆ ಗಂಡ ಹೋದ, ಮಗುವಾಗಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಿಟ್ಟ ಹೆಂಗಸು ನಾನು, ತಮಾಷೆಗಲ್ಲ, ನಿಜವಾಗಿ ಹೊಲಿದಿಟ್ಟಿದ್ದೆ. ಆ ಕೋಣೆಗೆ ಬಂದು ನನ್ನ ಮಗ್ಗುಲಲ್ಲಿ ಕೂರುತ್ತಿದ್ದವಳು ನೀನೊಬ್ಬಳು. ನನಗೆ ನೀನು ಬೇಕಾಗಿದ್ದೆ.

"ವಯಸ್ಸು ಯಾರು ಕಂಡಿದ್ದಾರೆ ಸಾರ್? ಲೆಕ್ಕ ಎತ್ತರದ್ದು ತಾನೇ. ಚಿಕ್ಕೋಳೇ ನಾಲ್ಕಡಿ ಇದ್ದಾಳೆ ನೋಡಿ" ಎಂದೆ. ಟೇಪಿನಲ್ಲಿ ನಲವತ್ತೆಂಟು ಇತ್ತು. ಅವರಿಗೇನು ಗೊತ್ತು ತುದಿಯ ವಿಷಯ? ಪಕ್ಕದಲ್ಲಿ ಕಳೆ ಎರಡು ಎಂದು ಬರೆಯಲು ಕೈ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಕೊಕ್ಕರೆ ಎಲ್ಲರನ್ನೂ ನಗಿಸುವವಳು, ಎಲ್ಲಿ ಬಿಟ್ಟರೂ ಬದುಕುತ್ತಾಳೆ, ಗುಬ್ಬಿಯಾದರೆ ಬಾಡಿಹೋಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳಲು ಏನು, ನಾಲಿಗೆಗೆ ಮೂಳೆಯಿಲ್ಲ.

ಮಧ್ಯಾಹ್ನದವರೆಗೆ ಕೂತು ಅವಳಿಗೆ ಹೊಸ ಫ್ರಾಕು ಹೊಲಿದೆ. ನಾಲ್ಕು ಬೆರಳಿನ ಬದಲು ಎಂಟು ಬೆರಳು ಮಡಿಕೆ ಇಟ್ಟೆ. ನನ್ನ ಕೈಲಾದದ್ದು ಅಷ್ಟು.

ಇನ್ನೂ ಇದೆ, ಗುಬ್ಬಿ. ಇದನ್ನು ಬರೆದರೆ ನೀನು ನನ್ನನ್ನು ಕ್ಷಮಿಸುವುದಿಲ್ಲ. ಬರೆಯದಿದ್ದರೆ ನಾನು ಸಾಯಲೂ ಆರೆ.

ಒಂಬತ್ತು ವರ್ಷದ ಮೇಲೆ ನನಗೊಂದು ಕಾರ್ಡು ಬಂತು. ನೀನು ಶಿಶುವಿಹಾರದ ಟೀಚರ್ ತರಬೇತಿಗೆ ಹೋಗಿ ಇಪ್ಪತ್ತು ದಿನವೂ ಆಗಿರಲಿಲ್ಲ. ನಿನ್ನ ವಿಳಾಸ ಮಷೀನಿನ ಡ್ರಾಯರಿನಲ್ಲೇ ಇತ್ತು. ಕಾರ್ಡನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಓದಲು ಇರುವುದು ನಾಲ್ಕೇ ಸಾಲು, ನನಗೆ ಬಾಯಿಪಾಠ: 'ಹೊಲಿಗೆಯಮ್ಮಾ, ನಾನು ಕೊಕ್ಕರೆ. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಸಿಕ್ಕಿದೆ. ಅಕ್ಕ ಎಲ್ಲಿದ್ದಾಳೆ? ಅಳತೆ ತೆಗೆದ ದಿನದ ಒಂದು ಸಂಗತಿ ಅವಳಿಗೆ ಹೇಳಲೇಬೇಕು. ಅದು ನಿಮಗೂ ಗೊತ್ತಿರಬಹುದು.'

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಈ ಹುಡುಗಿಗೆ ಗೊತ್ತಿದೆ, ನಿನಗೆ ಹೇಳಿಬಿಡುತ್ತಾಳೆ, ರಜೆಗೆ ಬಂದು ಅಮ್ಮಾ ಎನ್ನುವವಳು ಇನ್ನು ಬರುವುದಿಲ್ಲ ಎನಿಸಿತು. ನಾಳೆ ಕಳಿಸೋಣ ಎಂದು ಕಾರ್ಡನ್ನು ಸೂಜಿಯ ಡಬ್ಬಿಯ ತಳಕ್ಕೆ ಹಾಕಿದೆ. ಆ ನಾಳೆಗೆ ಮೂವತ್ತೆರಡು ವರ್ಷವಾಯಿತು. ಕೊನೆಗೆ ನೀನೂ ಬರುವುದು ಬಿಟ್ಟೆ. ನಿನ್ನನ್ನು ಉಳಿಸಿಕೊಳ್ಳಲು ಏನೆಲ್ಲ ಮಾಡಿದೆನೋ ಅದರಿಂದ ಏನೂ ಉಳಿಯಲಿಲ್ಲ.

ನಿನಗೆ ನಾನು ಏನಾಗಬೇಕೋ ತಿಳಿಯದ
ಹೊಲಿಗೆಯವಳು


ನವೆಂಬರ್ ೧೫

ಗುಬ್ಬಿ,

ನಿನ್ನಿಂದ ಉತ್ತರವಿಲ್ಲ. ಬರಬೇಕೆಂದು ಬರೆಯುತ್ತಿಲ್ಲ.

ಜನವರಿ ಇಪ್ಪತ್ತಕ್ಕೆ ಕಣ್ಣಿನ ಆಪರೇಷನ್ ಎಂದು ಗೊತ್ತಾಗಿದೆ. ಮೊದಲು ಬಲಗಣ್ಣು. ತಮ್ಮನ ಮಗಳು ರಜೆ ಹಾಕುತ್ತಾಳಂತೆ. ಎಲ್ಲ ನಿಚ್ಚಳವಾಗಿ ಕಾಣುತ್ತದೆ ಎಂದು ಅವಳಿಗೆ ಸಂಭ್ರಮ. ನನಗೆ ಅಷ್ಟಿಲ್ಲ. ಈ ಹಾಲಿನ ಜಗತ್ತು ಅಭ್ಯಾಸವಾಗಿದೆ. ಅದರಲ್ಲಿ ತಂತಿಯ ಮೇಲಿನ ಫ್ರಾಕುಗಳು ಈಗಲೂ ಬರುತ್ತವೆ. ಈಚೆಗೆ ಎಪ್ಪತ್ತೊಂದೇ ಇರುತ್ತವೆ. ಎಣಿಸಿ ಎಣಿಸಿ ಸಾಕಾಗುತ್ತದೆ.

ಗುಂಡಿ ಇನ್ನೂ ಹಾಕಿಲ್ಲ. ಪಿನ್ನೇ ನಡೆಯುತ್ತಿದೆ.

ಅವಳನ್ನು ಹುಡುಕಿದೆಯಾ ಎಂದು ಕೇಳುವ ಮುಖ ನನಗಿಲ್ಲ.

ಹೊಲಿಗೆಯಮ್ಮ


ಜನವರಿ ೯

ಹೊಲಿಗೆಯಮ್ಮನಿಗೆ ಕೊಕ್ಕರೆಯ ನಮಸ್ಕಾರ.

ಕಾಗದ ಓದುತ್ತಿರುವ ತಮ್ಮನ ಮಗಳಿಗೂ ನಮಸ್ಕಾರ. ತಾಯೀ, ಇದನ್ನು ಮಾತ್ರ ಬಸ್ಸು ಕೂಗಿದ ಹಾಗೆ ಓದಬೇಡಿ, ನಿಧಾನಕ್ಕೆ ಓದಿ.

ನಾನು ಅದೇ ಆಸ್ಪತ್ರೆಯಲ್ಲೇ ಇದ್ದೇನೆ. ಒಗೆಯುವ ಕಡೆಯಿಂದ ಇಸ್ತ್ರಿಗೆ, ಇಸ್ತ್ರಿಯಿಂದ ಬಟ್ಟೆಯ ಉಗ್ರಾಣಕ್ಕೆ ಬಂದೆ. ಈಗ ಬೀಗದ ಕೈ ನನ್ನದು. ಅಕ್ಕನ ಸೊಂಟದಲ್ಲೊಂದು ಗೊಂಚಲು, ನನ್ನ ಸೊಂಟದಲ್ಲೊಂದು ಗೊಂಚಲು. ಇಬ್ಬರು ಒಟ್ಟಿಗೆ ನಡೆದರೆ ಜೈಲಿನವರು ಬಂದರೆಂದು ಜನ ದಾರಿ ಬಿಡುತ್ತಾರೆ.

ಡಿಸೆಂಬರ್ ಮೊದಲ ವಾರ ಬಂದಳು. ಬೆಳಗಿನ ಹೊತ್ತು, ಒಣಗಿದ ಬಿಳಿ ಹಾಸುಗಳನ್ನು ಹಗ್ಗದಿಂದ ಇಳಿಸಿ ಮಡಿಸುತ್ತಿದ್ದೆ. ಹಾಸಿನ ಆಚೆ ಯಾರೋ ನಿಂತದ್ದು ನೆರಳಾಗಿ ಕಂಡಿತು. ರೋಗಿಯ ಕಡೆಯವರೆಂದುಕೊಂಡು, ಯಾವ ವಾರ್ಡಿಗೆ ಎಂದು ಕೇಳಿದೆ. ಹಾಸು ಸರಿಸಿದೆ. ಕುಳ್ಳಗೆ, ನರೆತ ಕೂದಲಿನ ಹೆಂಗಸು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಸಂಜೆ ಬರ್ತೀನಿ ಅಂದಿದ್ಯಲ್ಲೇ" ಎಂದಳು.

ಮಡಿಸಿದ್ದ ಹಾಸುಗಳೆಲ್ಲ ನೆಲಕ್ಕೆ ಬಿದ್ದವು. ಅವನ್ನೆಲ್ಲ ಮತ್ತೆ ಒಗೆಯಬೇಕಾಯಿತು.

ಅವಳು ನಿಮ್ಮ ಕಾಗದಗಳನ್ನೆಲ್ಲ ತಂದಿದ್ದಳು. ನಾನು ಓದಿದೆ. ಓದಿ ಮುಗಿಸಿ, ಕಾರ್ಡಿನ ಮಾತಿದ್ದ ಕಾಗದವನ್ನು ಇನ್ನೊಮ್ಮೆ ಓದಿದೆ. ಯಾಕೆಂದರೆ ಆ ಕಾರ್ಡಿನಲ್ಲಿ ನಾನು ಹೇಳಬೇಕೆಂದಿದ್ದ ಸಂಗತಿ ನಿಮ್ಮದಲ್ಲ. ನನ್ನದು.

ಅಳತೆ ತೆಗೆಯುವಾಗ ಟೇಪಿನ ತುದಿಯನ್ನು ನಾವೇ ಕಾಲ್ಬೆರಳಲ್ಲಿ ಒತ್ತಿ ಹಿಡಿಯಬೇಕಿತ್ತು, ನೀವು ತಲೆಯ ಮೇಲೆ ಮರದ ಪಟ್ಟಿ ಇಟ್ಟು ಮೇಲೆ ನೋಡುತ್ತಿದ್ದಿರಿ, ನೆನಪಿದೆಯೇ? ನೀವು ಮೇಲೆ ನೋಡುವಾಗ ನಾನು ಹಿಮ್ಮಡಿ ಎತ್ತಿದೆ. ಎಷ್ಟು ಸಾಧ್ಯವೋ ಅಷ್ಟು ಎತ್ತಿದೆ. ನನಗೆ ಆ ವ್ಯಾನು ಹತ್ತಬೇಕಿತ್ತು. ಕಿಟಕಿಯ ಪಕ್ಕ ಕೂರಬೇಕಿತ್ತು. ಹುಟ್ಟಿದಾಗಿನಿಂದ ಒಮ್ಮೆಯೂ ವ್ಯಾನು ಹತ್ತಿರಲಿಲ್ಲ, ನಾಲ್ಕು ಅಡಿ ಆದವರನ್ನು ಹತ್ತಿಸುತ್ತಾರೆಂದು ದೊಡ್ಡ ಹುಡುಗಿಯರು ಹೇಳಿದ್ದರು. ಒಂದು ಸುತ್ತು ಹೋಗಿ ಸಂಜೆಗೆ ಬಿಡುತ್ತಾರೆಂದುಕೊಂಡೆ. ಅಕ್ಕನಿಗೆ ಇವತ್ತಿಗೂ ಅರ್ಥವಾಗದ ನಗು ಅದೇ.

ಸಂಜೆಯಾದ ಮೇಲೂ ವ್ಯಾನು ಹಿಂದಕ್ಕೆ ತಿರುಗಲಿಲ್ಲ. ಆಗ ಅತ್ತೆ. ಹೊಲಿಗೆಯಮ್ಮನಿಗೆ ಮೋಸ ಮಾಡಿ ಅಕ್ಕನನ್ನು ಬಿಟ್ಟು ಬಂದೆನೆಂದು ಎಷ್ಟೋ ವರ್ಷ ಅತ್ತೆ. ಕಾರ್ಡು ಬರೆದದ್ದು ತಪ್ಪೊಪ್ಪಿಕೊಳ್ಳಲು. ಉತ್ತರ ಬರಲಿಲ್ಲ. ಅಕ್ಕನಿಗೆ ಸಿಟ್ಟು ಬಂದಿದೆ, ಬರಬೇಕಾದ್ದೇ ಎಂದುಕೊಂಡು ಸುಮ್ಮನಾದೆ. ಅಲ್ಲಿ ನೀವು ಹೆದರಿ ಕೂತಿರಿ, ಇಲ್ಲಿ ನಾನು ಹೆದರಿ ಕೂತೆ, ನಡುವೆ ಏನೂ ಅರಿಯದ ಅಕ್ಕ ಊರೂರು ಅಲೆದಳು.

ಇದನ್ನು ಹೇಳಿದಾಗ ಅಕ್ಕ ನಕ್ಕಳು. ನಗು ನಿಲ್ಲಲೇ ಇಲ್ಲ, ಆಮೇಲೆ ಅದು ಅಳುವಾಯಿತು, ಆಮೇಲೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಬೆಳಿಗ್ಗೆ ನನ್ನ ತಲೆ ಬಾಚಿದಳು.

ನಿಮ್ಮ ತಪ್ಪು ಇಲ್ಲವೆಂದು ನಾನು ಹೇಳುವುದಿಲ್ಲ. ಎರಡು ಕಳೆಯದೆ ಬಿಟ್ಟವರು ನೀವೇ. ಆ ಕಾರ್ಡನ್ನು ಡಬ್ಬಿಯ ತಳಕ್ಕೆ ಹಾಕಿದ್ದಕ್ಕೆ ನನಗೆ ಸಿಟ್ಟಿದೆ, ಅದು ಇಷ್ಟರಲ್ಲೇ ಹೋಗುವ ಸಿಟ್ಟಲ್ಲ. ಆದರೆ ನಿಮ್ಮ ಎರಡು ಇಂಚಿನ ಜೊತೆ ನನ್ನ ಹಿಮ್ಮಡಿಯೂ ಸೇರಿತ್ತು. ಎಲ್ಲವನ್ನೂ ಒಬ್ಬರೇ ಹೊತ್ತುಕೊಳ್ಳಬೇಡಿ, ನನ್ನ ಪಾಲನ್ನು ನನಗೆ ಕೊಡಿ.

ಎಂಟು ಬೆರಳಿನ ಮಡಿಕೆ ಆರು ವರ್ಷ ಬಂತು. ಒಗೆದು ಒಗೆದು ಮೇಲೆಲ್ಲ ಆಕಾಶದ ಬಣ್ಣಕ್ಕೆ ತಿರುಗಿತ್ತು. ಕೊನೆಯ ಮಡಿಕೆ ಬಿಚ್ಚಿದ ದಿನ ಒಳಗಿನ ಬಟ್ಟೆ ಥಾನಿನಿಂದ ಈಗಷ್ಟೇ ಕತ್ತರಿಸಿದ ಹಾಗೆ ಕಡುನೀಲಿಯಾಗಿತ್ತು. ಬೇರೆ ಯಾವ ಹುಡುಗಿಗೂ ಅಷ್ಟು ಮಡಿಕೆ ಇರಲಿಲ್ಲ. ಯಾರೋ ನಾನು ಬೆಳೆಯುತ್ತೇನೆಂದು ಎಣಿಸಿ ಇಟ್ಟಿದ್ದಾರೆ ಎಂದು ಅದನ್ನು ಮುಟ್ಟಿಕೊಂಡು ಮಲಗುತ್ತಿದ್ದೆ. ಅದನ್ನೂ ನಿಮಗೆ ಹೇಳಬೇಕು ಅನ್ನಿಸಿತು.

ರಜೆ ಹಾಕಿ ಈಗ ಅಕ್ಕನ ಹಾಸ್ಟೆಲಿಗೆ ಬಂದಿದ್ದೇನೆ. ಹೊಲಿಗೆ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಅಕ್ಕ ಇತಿಹಾಸ ಬರೆದು ಮುಗಿಸಿದಳು. ಎರಡು ಪುಟ ಎಂದಿದ್ದರು, ಹನ್ನೊಂದು ಪುಟವಾಗಿದೆ. ಎಪ್ಪತ್ತೆರಡು ಹುಡುಗಿಯರ ಅಡ್ಡಹೆಸರು ಬರೆದಿದ್ದಾಳೆ. ಟೇಪಿನ ವಿಷಯವನ್ನೂ ಬರೆದಿದ್ದಾಳೆ, ಯಾರ ತಪ್ಪೆಂದು ಬರೆದಿಲ್ಲ.

ನಿಮಗೆ ಕಾಗದ ಬರೆಯೆಂದರೆ ಕೈ ಬರುವುದಿಲ್ಲ ಎನ್ನುತ್ತಾಳೆ. ಕೆಳಗೆ ಎರಡು ಸಾಲಿಗೆ ಜಾಗ ಬಿಟ್ಟಿದ್ದೇನೆ. ಬರೆದರೆ ಬರೆಯಲಿ.

ನಿಮ್ಮ
ಕೊಕ್ಕರೆ

ಅಮ್ಮಾ,

ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚುವವರೆಗೆ ಸೂಜಿ ಮುಟ್ಟಬೇಡಿ. ಗುಂಡಿಯನ್ನು ಜೋಪಾನವಾಗಿ ಇಟ್ಟಿರಿ. ಹತ್ತೊಂಬತ್ತಕ್ಕೆ ನಾವಿಬ್ಬರೂ ಬೆಳಗಿನ ಬಸ್ಸು ಹಿಡಿಯುತ್ತೇವೆ. ಕಿಟಕಿಯ ಪಕ್ಕದ ಸೀಟು ಈ ಸಲ ನನಗಂತೆ.

ಸಂಜೆ ಬರುತ್ತೇವೆ.

ಗುಬ್ಬಿ